ಕಾಲುವಿ ಕೊನಿಯ ಲ್ಯಾಬ್

ಪ್ರೋಗ್ರಾಂಗೆ ಬೇಕಾಗುವ ಸಿದ್ಧ ಕೋಡಿನ ಪ್ಯಾಕೇಜುಗಳನ್ನು ನೆಟ್‌ನಿಂದ ತಾನೇ ತರಿಸಿಕೊಳ್ಳುವುದನ್ನು, ನಮ್ಮ ತಂಡದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪ್ರೋಗ್ರಾಂ ಜೋಡಿಸಿಕೊಡುವ ಬಿಲ್ಡ್ ಟೂಲ್‌ಗೆ ಕಲಿಸಿದ್ದೆವು. ಆ ಉಮೇದಿನಲ್ಲೇ ಕೆಂಭಾವಿಯ ಕಾಲೇಜೊಂದಕ್ಕೆ ಹೋಗಿ, ಲ್ಯಾಬಿನ ಕಂಪ್ಯೂಟರುಗಳಲ್ಲಿದ್ದ ಹಳೆಯದನ್ನೆಲ್ಲ ಅಳಿಸಿ ಹೊಸದನ್ನು ಹಾಕಿದೆ. ಅಲ್ಲಿ ನೆಟ್ ಬರಲಿಲ್ಲ. ಟೂಲ್ ಸುಮ್ಮನೆ ಕಾಯುತ್ತಾ ಕೂತಿತು.

ಲ್ಯಾಬಿನ ಮೇಡಂ ಕೇಳಿದರು: "ಮೊದಲ ಶಹಾಪುರದಾಗ ನೆಟ್‌ನಿಂದ ಪ್ಯಾಕೇಜ್ ಪೆನ್ ಡ್ರೈವ್‌ಗೆ ತುಂಬ್ಕೊಂಡು ಬಂದು ಇಲ್ಲಿ ಹಾಕ್ತಿದ್ವಿರಿ. ಈಗ ಹಂಗ ಬರಂಗಿಲ್ಲೇನ್ರಿ? ನಾಳಿ ಹುಡುಗರ ಪ್ರಾಕ್ಟಿಕಲ್ ಅದರಿ."

"ಹೊಸದರಲ್ಲಿ ಆ ಸೌಲಭ್ಯ ತೆಗೆದಿದ್ದಾರೆ," ಎಂದೆ.

"ತೆಗೆದವರ ಹೊಲ ಕಾಲುವಿ ಮೊದಲಿಗೇ ಇರಬೇಕ್ರಿ. ಕೊನಿಯವರಿಗೆ ನೀರು ಮುಟ್ಟತದೋ ಇಲ್ಲೋ, ಅವರಿಗೇನು ಗೊತ್ತು? ನೀವರ ಹೇಳ್ರಿ ಅವರಿಗೆ."

ಯಾರೂ ಬಳಸುವುದಿಲ್ಲವೆಂದು ಮೀಟಿಂಗಿನಲ್ಲಿ ವಾದ ಮಾಡಿ ಅದನ್ನು ತೆಗೆಸಿದವನು ನಾನೇ. "ಖಂಡಿತ ಹೇಳ್ತೀನಿ ಮೇಡಂ," ಎಂದು, ಅವರೇ ತರಿಸಿದ ಚಹಾ ಕುಡಿದು ಎದ್ದು ಬಂದೆ.