ಗುಬ್ಬಿ ಇಳಿಯುವ ತನಕ

ಚಂದಮ್ಮಾಯಿಯ ರೊಟ್ಟಿ ತಟ್ಟುವ ಸದ್ದು ನಿಂತರೆ ನನಗೆ ನನ್ನ ಎದೆಯ ಸದ್ದು ಕೇಳಿಸುತ್ತಿತ್ತು. ಪಟಪಟ ನಡೆಯುತ್ತಿದ್ದ ಕೈ ಇದ್ದಕ್ಕಿದ್ದಂತೆ ಗಾಳಿಯಲ್ಲೇ ನಿಲ್ಲುವುದು. ಕತ್ತು ಒಂದು ಬದಿಗೆ ವಾಲುವುದು. ಒಲೆಯ ಮೇಲಿನ ರೊಟ್ಟಿ ಕರಿದಾಗುತ್ತಿದ್ದರೂ ಆಕೆ ಅಲುಗುತ್ತಿರಲಿಲ್ಲ. ವಾಡೆಯೊಳಗಿದ್ದ ನಾವೆಲ್ಲ ಕೊಡ ಹಿಡಿದವರು ಕೊಡ ಹಿಡಿದಂತೆ, ಕಸಬರಿಗೆ ಹಿಡಿದವರು ಬಗ್ಗಿದಂತೆ ನಿಂತುಬಿಡುತ್ತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ "ಏನಿಲ್ಲ, ಗುಬ್ಬಿ ಬೆಕ್ಕು ನೋಡಿ ಒದರಾಕತ್ತಾವ" ಎಂದು ಆಕೆ ಮತ್ತೆ ಹಿಟ್ಟಿಗೆ ಕೈ ಹಾಕಿದರೆ ನಾವು ಉಸಿರು ಬಿಡುತ್ತಿದ್ದೆವು.

ಎಂಬತ್ತರ ದಶಕದ ನಡುವಿನ ಮಾತು. ಅತನೂರಿನ ಪ್ರಾಥಮಿಕ ಶಾಲೆಗೆ ಮಾಸ್ತರಿಣಿಯಾಗಿ ಬಂದಿದ್ದೆ. ನನ್ನವರ ನೌಕರಿ ಕಲಬುರ್ಗಿಯಲ್ಲಿ, ಬರುವುದು ಶನಿವಾರಕ್ಕೊಮ್ಮೆ. ಮೂರು ವರ್ಷದ ಮಗಳು ಸುಧಾಳನ್ನು ಕಟ್ಟಿಕೊಂಡು ಹಳೆಯ ಕಲ್ಲಿನ ವಾಡೆಯೊಂದರಲ್ಲಿ ಒಂದು ಖೋಲಿ ಹಿಡಿದಿದ್ದೆ. ಎದುರಿನ ಖೋಲಿ ಚಂದಮ್ಮಾಯಿಯದು. ವಯಸ್ಸು ಅರವತ್ತರ ಹತ್ತಿರ. ಖಡಕ್ ರೊಟ್ಟಿ ಬಡಿದು ಖಾನಾವಳಿಗೂ ನೌಕರದಾರರ ಮನೆಗಳಿಗೂ ಕೊಡುವುದು ಆಕೆಯ ಕೆಲಸ. ನಾನು ಶಾಲೆಗೆ ಹೋದರೆ ಸುಧಾ ಇರುತ್ತಿದ್ದದ್ದು ಆಕೆಯ ಬಳಿಯಲ್ಲೇ.

ಆ ಅಂಗಳದಲ್ಲಿ ಆಕೆಗೆ ಗುರುತಿಲ್ಲದ ಜೀವವೇ ಇರಲಿಲ್ಲ. ಬೇವಿನ ಗಿಡದ ಇಣಚಿಗೆ ಬಾಲದ ತುದಿ ಇಲ್ಲವೆಂದು ಮೊದಲು ತೋರಿಸಿದವಳು ಆಕೆ. ಆ ಮೋಟು ಬಾಲದ ಅಳಿಲು ದಿನವೂ ಆಕೆಯ ಹಳೆ ಸೀರೆಯ ಅಂಚಿನಿಂದ ದಾರ ಕಿತ್ತು ಒಯ್ಯುತ್ತಿತ್ತು. ಆಕೆ ಸೀರೆಯನ್ನು ಇನ್ನಷ್ಟು ಹತ್ತಿರ ಹರವುತ್ತಿದ್ದಳು. ದೀಪದ ಗೂಡಿನ ಹಲ್ಲಿಯ ಹೊಟ್ಟೆಯಲ್ಲಿ ಎರಡು ತತ್ತಿ ಕಾಣುತ್ತವೆಂದು ಸುಧಾಳನ್ನು ಎತ್ತಿ ತೋರಿಸುವಳು. ಬಚ್ಚಲ ನೀರು ಹರಿಯುವಲ್ಲಿ ತಾನಾಗಿ ಹುಟ್ಟಿದ ಟೊಮೆಟೊ ಸಸಿ ಹೂ ಬಿಟ್ಟ ದಿನ ನನ್ನನ್ನು ಶಾಲೆಯ ಹಾದಿಯಿಂದ ತಿರುಗಿ ಕರೆದಿದ್ದಳು. "ಅಕ್ಕೋರ, ಪುಸ್ತಕ ಎಲ್ಲಿ ಓಡಿ ಹೋಗ್ತಾವ? ಇದ್ನ ನೋಡಿ ಹೋಗ್ರಿ."

ಇದೆಲ್ಲ ಸಂತೋಷಕ್ಕೆ ಮಾತ್ರ ಎಂದು ನಾನು ಬಹಳ ದಿನ ತಿಳಿದಿದ್ದೆ. ಆಕೆಯ ಕಣ್ಣು ಕಿವಿಗಳನ್ನು ಅಷ್ಟು ಚುರುಕು ಮಾಡಿದ್ದು ಹೆದರಿಕೆ ಎಂದು ತಿಳಿದದ್ದು ಕಟ್ಟಿಗೆಯ ರಾಶಿಯಿಂದ.

ಅಂಗಳದ ಮೂಲೆಯಲ್ಲಿ ಆಳೆತ್ತರ ತೊಗರಿ ಕಟ್ಟಿಗೆ ಒಟ್ಟಿತ್ತು. ಸುಗ್ಗಿ ಮುಗಿದ ಮೇಲೆ ಗಾಡಿಗಟ್ಟಲೆ ತರಿಸಿದ ಒಣ ಕಟ್ಟಿಗೆ. ವರ್ಷದ ಒಲೆಗೆ ಅದೇ ಆಧಾರ. ಊರಿನವರು ಅಂಥ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ಬಡಿಯುತ್ತಿದ್ದರು. ಚಂದಮ್ಮಾಯಿ ಬಡಿಯುತ್ತಿರಲಿಲ್ಲ. ಬೆಳಿಗ್ಗೆ ಎದ್ದವಳೇ ರಾಶಿಯ ಮೇಲಿಟ್ಟ ಮುರುಕು ಮೊರದಲ್ಲಿ ಒಂದು ಹಿಡಿ ಜೋಳ ಚೆಲ್ಲಿ, ಹೊಸ್ತಿಲ ಮೇಲೆ ಕೂತು ಕಾಯುವಳು. ಗೋಡೆಯ ಮೇಲಿನ ಗುಬ್ಬಿಗಳು ಇಳಿದು ಕಾಳು ಕುಕ್ಕಿದರೆ ಕಟ್ಟಿಗೆ ಹಿರಿಯುವಳು. ಇಳಿಯದಿದ್ದರೆ ಎಷ್ಟೇ ಹೊತ್ತಾದರೂ ಒಲೆ ಹೊತ್ತುತ್ತಿರಲಿಲ್ಲ.

"ಬಡಿದ್ರ ಅದು ಇನ್ನೂ ಒಳಗ ಹೋಗಿ ಕುಂದರ್ತದ. ಗುಬ್ಬಿಗಿ ಮ್ಯಾಲಿಂದ ಕಾಣ್ತದ್ರಿ" ಎನ್ನುತ್ತಿದ್ದಳು. ಹಾವು ಎಂಬ ಮಾತನ್ನು ಆಕೆ ಎಂದೂ ಬಾಯಿಗೆ ತಂದವಳಲ್ಲ. ಹೇಳಲೇಬೇಕಾದರೆ ಹುಳ ಎನ್ನುವಳು.

ಒಮ್ಮೆ ಮಾತ್ರ ಅದರ ಹಿಂದಿನ ಕತೆ ಹೇಳಿದಳು, ಅದೂ ಹಿಟ್ಟು ನಾದುತ್ತ, ನನ್ನ ಕಡೆ ನೋಡದೆ. ಆಕೆಗೆ ಒಂಬತ್ತು ವರ್ಷ, ತಂಗಿಗೆ ಏಳು. ತಂಗಿ ಕಟ್ಟಿಗೆ ತರಲು ಹೋದಳು. ಗುಬ್ಬಿಗಳೆಲ್ಲ ಗೋಡೆಯ ಮೇಲೆ ಸಾಲಾಗಿ ಕೂತು, ಒಂದೂ ಸದ್ದು ಮಾಡದೆ ಕೆಳಗೆ ನೋಡುತ್ತಿದ್ದವಂತೆ. ಚಂದ ಕಾಣಿಸಿತೆಂದು ಈಕೆ ಅವನ್ನೇ ನೋಡುತ್ತ ನಿಂತಳು. ಆಮೇಲೆ ತಂಗಿ ಚೀರಿದಳು. "ನೋಡಿನ್ರಿ ಅಕ್ಕೋರ. ನೋಡಿದ್ದು ಏನಂತ ಗೊತ್ತಾಗಲಿಲ್ಲ" ಎಂದಳು.

ಅಂದಿನಿಂದ ನಾನೂ ದಿನಾ ಬೆಳಿಗ್ಗೆ ಮೊದಲು ನೋಡುತ್ತಿದ್ದದ್ದು ಗೋಡೆಯನ್ನು. ನನ್ನ ಮಗಳು ಆಡುತ್ತಿದ್ದದ್ದು ಅದೇ ಅಂಗಳದಲ್ಲಿ ತಾನೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಆಕೆಯ ಕಣ್ಣಿಗೆ ಪೊರೆ ಬಂತು. ಆಪರೇಷನ್ ಮಾಡಿಸೋಣವೆಂದರೆ ಬ್ಯಾಸಗಿ ಕಳೀಲಿ ಎನ್ನುವಳು, ಬೇಸಿಗೆ ಕಳೆದರೆ ಮಳೆ ನಿಲ್ಲಲಿ ಎನ್ನುವಳು. ರೊಟ್ಟಿಗೆ ಕಣ್ಣು ಬೇಕಿರಲಿಲ್ಲ, ಕೈಗೆ ಅಭ್ಯಾಸವಿತ್ತು. ಗುಬ್ಬಿಗೆ ಮಾತ್ರ ನಾನು ಬೇಕಾದೆ. ಜೋಳ ಚೆಲ್ಲಿ ಬಂದು ಕೇಳುವಳು: "ಅಕ್ಕೋರ, ಇಳದಾವೇನ್ರಿ?" ನಾನು ನೋಡಿ ಹೇಳುತ್ತಿದ್ದೆ.

ಒಂದು ದಿನ ಶಾಲೆಗೆ ಸಾಹೇಬರು ತಪಾಸಣೆಗೆ ಬರುವವರಿದ್ದರು. ಬಾಗಿಲಲ್ಲಿ ನಿಂತು ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ಆಯಿ ಕೇಳಿದಳು. ನೆರಿಗೆಯಿಂದ ತಲೆ ಎತ್ತದೆ "ಇಳದಾವ್ರಿ" ಎಂದೆ.

ನೆರಿಗೆ ಸಿಕ್ಕಿಸಿ, ಹಾಜರಿ ಪುಸ್ತಕ ಎತ್ತಿಕೊಂಡು ಹೊರಗೆ ಬಂದಾಗ ಅಂಗಳ ಬಹಳ ಸುಮ್ಮನಿದೆ ಅನಿಸಿತು. ಗೋಡೆಯ ಮೇಲೆ ಹತ್ತು ಹನ್ನೆರಡು ಗುಬ್ಬಿ. ಎಲ್ಲದರ ಕತ್ತೂ ಒಂದೇ ಕಡೆ ಬಾಗಿತ್ತು. ಮೊರದಲ್ಲಿ ಚೆಲ್ಲಿದ ಜೋಳ ಚೆಲ್ಲಿದಂತೆಯೇ ಇತ್ತು. ರಾಶಿಯ ಮುಂದೆ ಆಯಿ ನಿಂತಿದ್ದಳು. ಆಕೆಗೆ ಅಂಟಿಕೊಂಡು, ಕಟ್ಟಿಗೆ ಇಸಿದುಕೊಳ್ಳಲು ಎರಡೂ ಕೈ ಚಾಚಿ ಸುಧಾ.

ಕೂಗಬೇಕೆಂದುಕೊಂಡೆ. ಮಗಳ ಹೆಸರೇ ಹೊರಡಲಿಲ್ಲ. ಆಯಿಯ ಕೈ ಕಟ್ಟಿಗೆಯ ಹತ್ತಿರ ಹೋಯಿತು. ಇನ್ನೊಂದು ಗೇಣು ಉಳಿದಿರಬೇಕು, ಅಲ್ಲಿಯೇ ನಿಂತಿತು, ರೊಟ್ಟಿ ತಟ್ಟುವಾಗ ಗಾಳಿಯಲ್ಲಿ ನಿಲ್ಲುತ್ತಿತ್ತಲ್ಲ, ಹಾಗೆಯೇ. ಕತ್ತು ವಾಲಿತು. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆಯೇ, ಬಹಳ ಮೆತ್ತಗೆ ಹೇಳಿದಳು:

"ಅಕ್ಕೋರ, ಕೂಸಿನ್ನ ಒಳಗ ಒಯ್ರಿ."

ನಾನು ಸುಧಾಳನ್ನು ಹೇಗೆ ಎತ್ತಿದೆನೋ ನೆನಪಿಲ್ಲ. ಓಣಿಯ ಗಂಡಸರು ಉದ್ದನೆಯ ಕೋಲು ತಂದು ರಾಶಿ ಕೆಡವಿದರು. ಮೇಲಿನಿಂದ ಎರಡನೆಯ ಪದರಲ್ಲೇ ಇತ್ತು, ಕೊಳಕುಮಂಡಲ, ನನ್ನ ತೋಳಿನ ಗಾತ್ರ. ಅವರು ಅದನ್ನು ಹೊಡೆದು ಹೊರಗೆ ಒಯ್ಯುವವರೆಗೂ ಆಯಿ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಖೋಲಿಯೊಳಗೆ ಸುಧಾಳ ಎರಡೂ ಅಂಗೈ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. "ಬಿಡು, ನೋಯಿಸಾಕತ್ತೀದಿ" ಎಂದು ಅವಳು ಅತ್ತ ಮೇಲೆಯೇ ಬಿಟ್ಟದ್ದು.

ಮಧ್ಯಾಹ್ನ ಶಾಲೆಯಿಂದ ಬಂದು ಆಕೆಯ ಮುಂದೆ ಕೂತೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ. ನಿಮಗೆ ಹೇಗೆ ತಿಳಿಯಿತು ಎಂದಷ್ಟೇ ಕೇಳಿದೆ.

"ಕಾಳು ಕುಕ್ಕೋ ಸದ್ದು ಬರಲಿಲ್ಲ" ಎಂದಳು. ಒಂದು ರೊಟ್ಟಿ ಮಗುಚಿ ಹಾಕಿದಳು. "ಮತ್ತ, ನೋಡಿ ಹೇಳೋರಿಗಿ ಜರಾ ಹೊತ್ತು ಹಿಡೀತದ್ರಿ. ನೀವು ನಾ ಕೇಳೂದ್ರಾಗ ಹೇಳಿದ್ರಿ."

ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ, ಯಾರ ಮುಂದೆಯೂ ಆಡಲಿಲ್ಲ. ಎಂದಿನಂತೆ ಎರಡು ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು. ಆದರೆ ಮರುದಿನ ಬೆಳಿಗ್ಗೆ ಜೋಳ ಚೆಲ್ಲಿ ಬಂದು ಹೊಸ್ತಿಲ ಮೇಲೆ ಕೂತು, "ಸುಧಾ, ಇಳದಾವೇನ ಬೇ?" ಎಂದಳು. ಮಗಳು ಅಂಗಳದಲ್ಲಿ ನಿಂತು ಒಂದು, ಎರಡು, ಮೂರು ಎಂದು ಬೆರಳು ಮಡಿಸಿ ಎಣಿಸಿದಳು. ಬಾಗಿಲಲ್ಲಿ ನಾನಿದ್ದೆ. ನನ್ನನ್ನು ಆಕೆ ಕೇಳಲಿಲ್ಲ. ಅಂದಲ್ಲ, ಮರುದಿನವಲ್ಲ, ಮುಂದೆ ಒಂದು ವರ್ಷದ ತನಕ ಕೇಳಲಿಲ್ಲ.

ಆ ವರ್ಷದ ಕೊನೆಗೆ ನನಗೆ ಜೇವರ್ಗಿಗೆ ವರ್ಗವಾಯಿತು. ಹೊರಡುವ ದಿನ ಬೆಳಿಗ್ಗೆ ಸಾಮಾನು ಟೆಂಪೋಕ್ಕೆ ಏರಿತ್ತು. ಸುಧಾ ಆಗಲೇ ಡ್ರೈವರನ ಪಕ್ಕ ಹತ್ತಿ ಕೂತಿದ್ದಳು. ನಾನು ಕೊನೆಯ ಕೊಡ ಎತ್ತಿಕೊಂಡು ಹೇಳಿ ಹೋಗಲು ಬಂದೆ. ಆಯಿ ಜೋಳ ಚೆಲ್ಲಿ ಹೊಸ್ತಿಲ ಮೇಲೆ ಕೂತಿದ್ದಳು.

"ಅಕ್ಕೋರ, ಇಳದಾವೇನ್ರಿ?"

ಕೊಡ ಕೆಳಗಿಟ್ಟೆ. ನೋಡಿದೆ. ಗೋಡೆಯ ಮೇಲೆ ಏಳು ಗುಬ್ಬಿ ಇದ್ದವು. ಒಂದು ರಾಶಿಯ ಅಂಚಿಗೆ ಹಾರಿ ಬಂದು, ಮೊರವನ್ನು ಮುಟ್ಟದೆ ಮತ್ತೆ ಗೋಡೆಗೆ ಹೋಯಿತು. ಇನ್ನೂ ನೋಡಿದೆ.

"ಇನ್ನಾ ಇಲ್ರಿ ಆಯಿ."

"ಹಂಗಾರ ಕುಂದರ್ರಿ. ಕಾಯೋಣ."

ಪಕ್ಕದಲ್ಲಿ ಕೂತೆ. ಆಕೆಯ ಹಿಟ್ಟಿನ ಕೈ ನನ್ನ ಮೊಣಕಾಲ ಮೇಲಿತ್ತು. ಗುಬ್ಬಿಗಳು ಅಲುಗಲಿಲ್ಲ. ಟೆಂಪೋದವನು ಹಾರನ್ ಹೊಡೆದ, ಇನ್ನೊಮ್ಮೆ ಉದ್ದಕ್ಕೆ ಹೊಡೆದ. ಆಯಿಯೇ ಕೈ ತೆಗೆದಳು. "ಹೋಗ್ರಿ, ಹೊತ್ತಾತು. ನಾ ಕಾಯ್ತೇನಿ" ಎಂದಳು. ಯಾರನ್ನಾದರೂ ಕರೆಯುತ್ತೇನೆ ಎಂದರೆ ಬ್ಯಾಡ ಎಂದಳು. ಸದ್ದು ಕೇಳತದಲ್ಲ, ಎಂದಳು. ವಾಡೆಯ ಬಾಗಿಲಲ್ಲಿ ತಿರುಗಿ ನೋಡಿದಾಗಲೂ ಅವು ಗೋಡೆಯ ಮೇಲೆಯೇ ಇದ್ದವು.

ಎರಡು ವರ್ಷದ ಮೇಲೆ ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋದಾಗ ಹೊಳೆಯ ಮೆಟ್ಟಿಲಲ್ಲಿ ಅತನೂರಿನ ಹೆಣ್ಣುಮಗಳೊಬ್ಬಳು ಸಿಕ್ಕಳು. ನಮ್ಮ ಓಣಿಯವಳೇ. ಮಾತಿಗೆ ಮಾತು ಬಂದು, ಚಂದಮ್ಮಾಯಿ ಹೋಗಿ ವರುಷ ದಾಟಿತು ಎಂದಳು. ಕೊನೆಯವರೆಗೂ ರೊಟ್ಟಿ ಬಡಿಯುತ್ತಿದ್ದಳೇ ಎಂದು ಕೇಳಿದೆ. "ಹೌದ್ರಿ ಅಕ್ಕೋರ, ಆವತ್ತ ಮುಂಜಾನಿನೂ ಒಲಿ ಹಚ್ಚಾಕಂತ ಎದ್ದಿದ್ಳು" ಎಂದಳು. ಇನ್ನೇನೋ ಹೇಳಲು ಬಾಯಿ ತೆರೆದಳು.

ಸುಧಾ ನೀರಿಗೆ ಇಳಿಯುತ್ತಿದ್ದಾಳೆ ಎಂದು ನೆಪ ಹೇಳಿ ನಾನು ಅಲ್ಲಿಂದ ಎದ್ದೆ. ಹೇಗೆ ಹೋದಳು ಎಂದು ಇವತ್ತಿಗೂ ಯಾರನ್ನೂ ಕೇಳಿಲ್ಲ.