ದಾರ ಕಟ್ಟದ ಪ್ಲಗ್ಗು

ಬೀದಿಯವರಿಗೆಲ್ಲ ಅವಳು ಪಿನ್ನಮ್ಮ. ಹೆಸರು ಹಿಡಿದು ಕರೆಯುವವನು ಒಬ್ಬನಿದ್ದ, ಅವನು ಹೋಗಿ ಎಂಟು ವರ್ಷವಾಗಿತ್ತು. ಗಂಡ ರೇಡಿಯೋ ರಿಪೇರಿಯವನು. ಕೊನೆಗಾಲದಲ್ಲಿ ಹಳೇ ಕಂಪ್ಯೂಟರುಗಳಿಗೂ ಕೈ ಹಾಕಿದ್ದ. ಗುಜರಿಗೆ ಹೋದದ್ದನ್ನು ತಂದು, ಮೂರು ಸತ್ತವುಗಳಿಂದ ಒಂದನ್ನು ಬದುಕಿಸುವ ಹುಚ್ಚಿನವರು ಎಲ್ಲ ಕಡೆ ಇರುತ್ತಾರೆ. ಅವರಿಗೆ ಉಳಿದದ್ದೆಲ್ಲ ಸಿಗುತ್ತದೆ, ತಕ್ಕ ಮೌಸು ಸಿಗುವುದಿಲ್ಲ. ಒಂದು ಕಂಪನಿಯ ಮೌಸನ್ನು ಇನ್ನೊಂದರ ಕಂಪ್ಯೂಟರಿಗೆ ಹೊಂದಿಸಲು ನಡುವೆ ಗೇಣುದ್ದದ ವೈರು ಬೇಕು. ಆ ಗೇಣುದ್ದವೇ ಪಿನ್ನಮ್ಮನ ಕಸುಬು.

ಓದು ಅವಳಿಗೆ ಎರಡನೇ ಕ್ಲಾಸಿಗೇ ಸಾಕಾಗಿತ್ತು. ಅದಕ್ಕೆ ಒಂದು ನೋಟುಬುಕ್ಕಿನಲ್ಲಿ ಪ್ಲಗ್ಗುಗಳ ಚಿತ್ರ ಬರೆದಿಟ್ಟುಕೊಂಡಿದ್ದಳು: ಪಿನ್ನಿಗೊಂದು ಚುಕ್ಕೆ, ಮೇಲೆ ಐದು, ಕೆಳಗೆ ನಾಲ್ಕು, ಚುಕ್ಕೆಯಿಂದ ಚುಕ್ಕೆಗೆ ಬಣ್ಣದ ಗೆರೆ. ಎರಡು ಕಂಪನಿಯ ಪ್ಲಗ್ಗೂ ಹೊರಗಿನಿಂದ ಅವಳಿ ಮಕ್ಕಳ ಹಾಗೆ. ಸಲೀಸಾಗಿ ಒಳಗೆ ಕೂರುತ್ತವೆ. ಕೂತ ಮಾತ್ರಕ್ಕೆ ಕೂಡಿ ಬಾಳುತ್ತವೆ ಎಂದೇನಿಲ್ಲ. ಆ ಕಾಲದ ಮೌಸಿನಲ್ಲಿ ಒಂದೊಂದು ತಂತಿಗೆ ಒಂದೊಂದು ಕೆಲಸ. ಕರೆಂಟಿಗೆ ಎರಡು, ಮೇಲೆ ಕೆಳಗೆ ಸರಿಯಲು ಎರಡು, ಆಚೀಚೆ ಸರಿಯಲು ಎರಡು, ಎಡ ಬಟನ್ನಿಗೆ ಒಂದು, ಬಲ ಬಟನ್ನಿಗೆ ಒಂದು.

ಗಂಡ ಕಲಿಸಿದ್ದು ಎರಡೇ ಮಾತು. ತಂತಿಯ ಬಣ್ಣ ನಂಬಬೇಡ, ಮೀಟರ್ ಹಿಡಿದು ನೋಡು. ರೂಢಿ ಬಿಟ್ಟು ಒಂದೇ ಒಂದು ತಂತಿ ತಿರುಗಿಸಿದರೂ ಹೊರಗೆ ಕೆಂಪು ದಾರ ಕಟ್ಟು. ಪ್ಲಗ್ಗಿಗೆ ಬಾಯಿಲ್ಲ, ಒಳಗೇನಿದೆ ಎಂದು ಅದು ಯಾರಿಗೂ ಹೇಳುವುದಿಲ್ಲ.

ಹೀಗಿರುವಾಗ ರಟ್ಟು ಕತ್ತರಿಸುವ ಶೆಡ್ಡಿನ ಮೇಸ್ತ್ರಿ ಅವಳ ಬಳಿ ಬಂದ. ಬಲಗೈಯಲ್ಲಿ ತೋರುಬೆರಳಿಲ್ಲದ್ದರಿಂದ ಜನ ಅವನನ್ನು ನಾಲ್ಬೆರಳು ಅನ್ನುತ್ತಿದ್ದರು. ಶೆಡ್ಡಿನ ಕಟಿಂಗ್ ಮಿಷನ್ ನಡೆಯುವುದು ಹಳೇ ಕಂಪ್ಯೂಟರಿನಿಂದ. ಅದು ಕೆಟ್ಟು, ಹುಚ್ಚಿನವರಲ್ಲೊಬ್ಬನು ಅದೇ ಮಾದರಿಯದನ್ನು ಜೋಡಿಸಿ ಕೊಟ್ಟಿದ್ದ. ಸಿಕ್ಕ ಮೌಸು ಬೇರೆ ಕಂಪನಿಯದು.

ಎಡ ಬಟನ್ ಒತ್ತಿದರೆ ಗೆರೆ ಬೀಳುತ್ತದೆ, ಬಲ ಬಟನ್ ಒತ್ತಿದರೆ ಬ್ಲೇಡು ಬೀಳುತ್ತದೆ ಎಂದು ಅವನು ವಿವರಿಸಿದ. ಗೆರೆಯ ಕೆಲಸ ದಿನಕ್ಕೆ ಸಾವಿರ ಸಲ.

"ಈ ಬೆರಳು ಮುಂಚೆ ಹೋಗಿ ಮೇಲೆ ಜಾಗ ಹಿಡಿದಿದೆ ಕಣಮ್ಮ," ಅಂದ, ಮೊಂಡು ತೋರಿಸಿ. "ಅದರ ಕೆಲಸ ನಡುಬೆರಳಿಗೆ ಕೊಡಿ. ಬ್ಲೇಡು ಹೆಬ್ಬೆರಳಲ್ಲಿ ಇಳಿಸ್ಕೋತೀನಿ."

ಅವಳು ಎರಡು ಬಟನ್ನಿನ ತಂತಿ ಅದಲುಬದಲು ಮಾಡಿ ಬೆಸೆದಳು. ಇನ್ನು ಬಲ ಬಟನ್ನಿಗೆ ಗೆರೆ, ಎಡ ಬಟನ್ನಿಗೆ ಬ್ಲೇಡು. ಆಮೇಲೆ ಕೆಂಪು ದಾರದ ಉಂಡೆ ತೆಗೆದಳು. ಅವನು ಬೇಡವೆಂದ.

"ಮಾಲೀಕಂಗೆ ನನಗೆ ಬೆರಳಿಲ್ಲ ಅಂತ ಗೊತ್ತು. ಅದಕ್ಕೋಸ್ಕರ ಮಿಷನ್ನೇ ತಿದ್ದಬೇಕು ಅಂತ ಗೊತ್ತಿಲ್ಲ. ಗೊತ್ತಾದ್ರೆ ಐದು ಬೆರಳಿನೋನನ್ನೇ ತರ್ತಾನೆ. ನಾನು ಬಿಟ್ರೆ ಅಲ್ಲಿ ಇನ್ಯಾರು ಕೂರ್ತಾರೆ ಹೇಳಿ?"

ಪಿನ್ನಮ್ಮ ದಾರವನ್ನು ಉಂಡೆಗೆ ಮತ್ತೆ ಸುತ್ತಿಟ್ಟಳು.

ಐದು ತಿಂಗಳು ಏನೂ ಆಗಲಿಲ್ಲ. ಅವಳ ಮಗಳು, ಅಳಿಯ ಹಿಂದಿನ ಕೋಣೆಯಲ್ಲೇ ಇದ್ದರು. ಅಳಿಯ ಅದೇ ಶೆಡ್ಡಿನಲ್ಲಿ ಕಟ್ಟು ಹೊರುವ ಕೆಲಸಕ್ಕೆ ಸೇರಿದ್ದ. ಬಲು ಅಚ್ಚುಕಟ್ಟಿನ ಮನುಷ್ಯ. ಹಾಸಿಗೆಯ ಸುಕ್ಕು ಕಂಡರೂ ಎಡಗೈಯಲ್ಲಿ ಸವರಿ ಸರಿಮಾಡದೆ ಕೂರುವವನಲ್ಲ.

ಒಂದು ಬೆಳಿಗ್ಗೆ ಮಗಳು ತಲೆ ಬಾಚಿಕೊಳ್ಳುತ್ತಾ, "ಅಮ್ಮ, ನಾಲ್ಬೆರಳಿಗೆ ಜ್ವರವಂತೆ. ಇವತ್ತು ಇವರನ್ನೇ ಮಿಷನ್ನಿಗೆ ಕೂರಿಸ್ತಾರಂತೆ," ಅಂದಳು. ದನಿಯಲ್ಲಿ ಹೆಮ್ಮೆಯಿತ್ತು.

ಪಿನ್ನಮ್ಮನ ಕೈಯ ಬೆಸುಗೆ ಕಡ್ಡಿಯಿಂದ ಸೀಸದ ಹನಿ ಹಲಗೆಯ ಮೇಲೆ ಬಿದ್ದು ಅಲ್ಲೇ ಗಟ್ಟಿಯಾಯಿತು. ಗಡಿಯಾರದಲ್ಲಿ ಒಂಬತ್ತಕ್ಕೆ ಹತ್ತು ನಿಮಿಷ. ಶೆಡ್ಡು ಶುರುವಾಗುವುದು ಒಂಬತ್ತಕ್ಕೆ. ಫೋನುಗಳನ್ನೆಲ್ಲ ಗೇಟಿನ ಡಬ್ಬಿಯಲ್ಲಿ ಇಡಿಸಿಕೊಳ್ಳುತ್ತಾರೆ. ಅವಳು ಚಪ್ಪಲಿ ಮೆಟ್ಟಿ ಹೊರಟಳು.

ಮಂಡಿನೋವಿನ ಕಾಲಿಗೆ ಅದು ಹದಿನಾಲ್ಕು ನಿಮಿಷದ ದಾರಿ. ದಾರಿಯುದ್ದಕ್ಕೂ ಕಣ್ಣ ಮುಂದೆ ಒಂದೇ ಚಿತ್ರ. ರಟ್ಟನ್ನು ಗೆರೆಗೆ ಕೂಡಿಸುವಾಗ ಎಡಗೈ ಬ್ಲೇಡಿನ ಕೆಳಗೇ ಇರುತ್ತದೆ. ತೋರುಬೆರಳಿದ್ದವನು ಗೆರೆ ಹಾಕಲು ಎಡ ಬಟನ್ನನ್ನೇ ಒತ್ತುತ್ತಾನೆ.

ಗೇಟಿನವನು ತಡೆದ. ಅಳಿಯನನ್ನು ನೋಡಬೇಕು ಎಂದಷ್ಟೇ ಹೇಳಿ ಒಳಗೆ ನಡೆದಳು. ಮಿಷನ್ ಆಗಲೇ ಗುಂಯ್ ಎನ್ನುತ್ತಿತ್ತು. ಅಳಿಯ ಸ್ಟೂಲಿನ ಮೇಲೆ ಕೂತಿದ್ದ. ಎಡ ಅಂಗೈ ರಟ್ಟನ್ನು ಸವರುತ್ತಿತ್ತು, ಬಲಗೈ ಮೌಸಿನ ಮೇಲಿತ್ತು.

ಕೂಗಿದರೆ ಬೆಚ್ಚಿಬೀಳುತ್ತಾನೆ, ಬೆಚ್ಚಿದರೆ ಬೆರಳು ಒತ್ತುತ್ತದೆ. ಪ್ಲಗ್ಗು ಕೀಳೋಣವೆಂದರೆ ಅದು ಗೋಡೆ ಕಡೆ, ಅಷ್ಟು ದೂರ ಹೋಗುವ ಹೊತ್ತಿಲ್ಲ. ಅವಳು ನಾಲ್ಕು ಹೆಜ್ಜೆ ಹಿಂದೆಯೇ ನಿಂತು, ಮನೆಯಲ್ಲಿ ನೀರು ಕೇಳುವ ದನಿಯಲ್ಲಿ, "ಅಳಿಯಂದ್ರೇ, ನನ್ನ ಕನ್ನಡಕ ಎಲ್ಲಾದ್ರೂ ಕಂಡ್ರಾ?" ಅಂದಳು.

ಅವನು ತಿರುಗಿ ನೋಡಿ ನಕ್ಕ. ಎಡಗೈ ಎತ್ತಿ ಅವಳ ತಲೆಯ ಕಡೆ ತೋರಿಸಿದ.

"ತಲೆ ಮೇಲೇ ಇದೆಯಲ್ಲ ಅತ್ತೆ."

ನಗುನಗುತ್ತಲೇ ಬಲಗೈಯ ಬೆರಳು ಒತ್ತಿತು. ಬ್ಲೇಡು ದಡ್ಡನೆ ಇಳಿಯಿತು. ರಟ್ಟು ಎರಡಾಯಿತು. ಅವನ ಬಾಯಿ ತೆರೆದಂತೆಯೇ ಇತ್ತು, ನಗು ಇರಲಿಲ್ಲ.

ಮಾಲೀಕ ಪ್ಲಗ್ಗನ್ನು ಬಿಚ್ಚಿಸಿ ನೋಡಿದ. ಅದಲುಬದಲು ಮಾಡಿದ್ದು ತಾನೇ ಎಂದು ಪಿನ್ನಮ್ಮ ಒಪ್ಪಿಕೊಂಡಳು. ಜ್ವರ ಬಿಟ್ಟು ಬಂದ ನಾಲ್ಬೆರಳನ್ನು ಗೇಟಿನಿಂದಲೇ ಕಳಿಸಿದರೆಂದು ಆಮೇಲೆ ಗೊತ್ತಾಯಿತು.

ತಿಂಗಳು ಕಳೆದ ಮೇಲೆ ಅವನೇ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿದೆ, ಅಂಥದ್ದೇ ಮಿಷನ್, ಅಂಥದ್ದೇ ಕಂಪ್ಯೂಟರು, ಇನ್ನೊಂದು ಮಾಡಿಕೊಡಿ ಅಂದ. ಒಂದು ಕೈಯ ಅನ್ನ ತಾನು ಕಿತ್ತೆನಲ್ಲ ಎಂಬ ಅಳುಕು ಅವಳಿಗೆ. ಇಲ್ಲವೆನ್ನಲಾಗಲಿಲ್ಲ.

"ಈ ಸಲ ದಾರ ಕಟ್ತೀನಿ," ಅಂದಳು.

"ಕಟ್ಟಿ. ಬೇಡ ಅಂದೋರ್ಯಾರು?"

ಪ್ಲಗ್ಗಿನ ಬೆನ್ನಿಗೆ ಸಣ್ಣ ತೂತು ಕೊರೆದು, ನಾಲ್ಕು ಎಳೆ ಕೂಡಿಸಿದ ಕೆಂಪು ದಾರ ತೂರಿಸಿ, ಗಂಟಿನ ಮೇಲೆ ಗಂಟು ಹಾಕಿದಳು. ಎರಡು ಸಲ ಜಗ್ಗಿ ನೋಡಿದಳು. ಅವನು ಬೆಳಕಿಗೆ ಹಿಡಿದು ನೋಡಿ, ಗಟ್ಟಿಯಾಗಿದೆ ಎಂದು ಹೊಗಳಿ ಹೊರಟ.

ಅವಳು ಕಿಟಕಿಯಲ್ಲಿ ನಿಂತಳು. ತಿರುವಿನ ದೀಪದ ಕಂಬದ ಹತ್ತಿರ ಅವನು ಪ್ಲಗ್ಗನ್ನು ಬಾಯಿಗೆ ತಂದ. ಧೂಳು ಊದುತ್ತಾನೆ ಅಂದುಕೊಂಡಳು. ಅವನ ತಲೆ ಪಕ್ಕಕ್ಕೆ ಜಗ್ಗಿತು. ಏನೋ ಉಗಿದ.

ಮೆಟ್ಟಿಲಿಳಿದು ಕಂಬದವರೆಗೆ ಹೋಗುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು. ದಾರ ನೆಲದ ಮೇಲಿತ್ತು, ಇನ್ನೂ ಒದ್ದೆ. ಹಾಕಿದ ಗಂಟು ಒಂದೂ ಸಡಿಲಿರಲಿಲ್ಲ. ಗಂಟಿನ ಪಕ್ಕದಲ್ಲಿ ಹಲ್ಲಿನಿಂದ ಕಡಿದಿದ್ದ.

ಯಾವ ಶೆಡ್ಡು ಎಂದು ಅವಳು ಕೇಳಿರಲೇ ಇಲ್ಲ.