ಯಾರ ಮನೆಗೂ ಹೋಗದ ರಜೆ

ನಾನು ಅಮೆರಿಕ ನೋಡಿದವನಲ್ಲ. ಆದರೆ ಅಕ್ಟೋಬರ್ ಎರಡನೆಯ ವಾರದಲ್ಲಿ ವರ್ಮಾಂಟಿನ ಯಾವ ರಸ್ತೆಯಲ್ಲಿ ಮೇಪಲ್ ಮರಗಳು ಕೆಂಪಾಗಿರುತ್ತವೆ, ಯಾವ ತಿರುವಿನಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯಬಹುದು ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಕುವೈತಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಅಮೆರಿಕದ ಟೇಬಲ್ ನನ್ನದು. ಯುರೋಪಿನ ಟೇಬಲಿನವನು ಆಗಾಗ ಕಂಪನಿಯ ಲೆಕ್ಕದಲ್ಲಿ ಯುರೋಪಿಗೆ ಹೋಗಿಬರುತ್ತಾನೆ. ನನಗೆ ಆ ಯೋಗವಿಲ್ಲ. ನಾನು ಅಮೆರಿಕವನ್ನು ಓದಿ, ನಕ್ಷೆ ನೋಡಿ, ಹೋಗಿಬಂದವರನ್ನು ಕೂರಿಸಿ ಚಹಾ ಕುಡಿಸಿ ಕೇಳಿ ಕಲಿತವನು. ಹಾಗಂತ ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಳ್ಳುವುದರಲ್ಲಿ ಹಿಂದೆ ಬಿದ್ದವನಲ್ಲ.

ಜೂನ್ ಬಂತೆಂದರೆ ಇಲ್ಲಿನ ಬಿಸಿಲಿಗೆ ಹೆದರಿ ದೊಡ್ಡ ದೊಡ್ಡ ಕುಟುಂಬಗಳು ಹೊರಡುತ್ತವೆ. ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಮೊಮ್ಮಕ್ಕಳನ್ನು ನೋಡಿಕೊಳ್ಳುವ ಹೆಂಗಸು, ಎಲ್ಲರೂ. ಅವರಿಗೆ ನಡುವೆ ಬಾಗಿಲಿರುವ ಕೋಣೆಗಳು ಬೇಕು, ಅಡುಗೆಮನೆ ಬೇಕು, ಹತ್ತಿರದಲ್ಲಿ ಹಲಾಲ್ ಮಾಂಸದ ಅಂಗಡಿ ಬೇಕು. ಕೊಲೊರಾಡೊದ ಬೆಟ್ಟದ ಊರುಗಳಲ್ಲಿ ಮೂರು ದಿನ, ಆಮೇಲೆ ಸ್ಯಾನ್ ಡಿಯಾಗೊದ ಸಮುದ್ರ ಎಂದು ನಾನು ಹೇಳುತ್ತೇನೆ. ನಾಲ್ಕನೆಯ ದಿನ ಬೆಟ್ಟ ನೋಡಿ ಮಕ್ಕಳು ರಂಪ ಮಾಡುತ್ತವೆ ಎಂಬುದು ಅನುಭವದ ಮಾತು. ಫೆಬ್ರವರಿಯಲ್ಲಿ ಕುವೈತಿನ ರಾಷ್ಟ್ರೀಯ ದಿನದ ರಜೆಗೆ ಸವಾನಾ ಎಂಬ ಹಳೆಯ ಊರು ಒಳ್ಳೆಯದು, ಹಿತವಾದ ಹವೆ, ದೊಡ್ಡ ಮರಗಳ ಕೆಳಗೆ ಅಜ್ಜಿಯನ್ನು ಕೂರಿಸಲು ಬೆಂಚುಗಳು. ವಾಷಿಂಗ್ಟನ್ನಿನ ಚೆರ್ರಿ ಹೂವಿನ ವಿಷಯದಲ್ಲಿ ಮಾತ್ರ ನಾನು ಯಾರಿಗೂ ದಿನ ಹೇಳುವುದಿಲ್ಲ, ಹೂವಿಗೆ ನಮ್ಮ ಟಿಕೆಟ್ಟಿನ ತಾರೀಖು ಗೊತ್ತಿರುವುದಿಲ್ಲ. ಡಿಸೆಂಬರಿನಲ್ಲಿ ಬರುವ ಹೊಸ ಜೋಡಿಗಳಿಗೆ ಸಾಂಟಾ ಫೆ ಹೇಳುತ್ತೇನೆ. ಕ್ರಿಸ್ಮಸ್ ಹಿಂದಿನ ಸಂಜೆ ಅಲ್ಲಿ ಕಾಗದದ ಚೀಲದಲ್ಲಿ ಮರಳು ತುಂಬಿ, ಅದರೊಳಗೆ ಮೇಣದ ಬತ್ತಿ ಹಚ್ಚಿ ಗೋಡೆಗಳುದ್ದಕ್ಕೂ ಇಡುತ್ತಾರೆ. "ಮಣ್ಣಿನ ಗೋಡೆ, ಮರಳು, ಇಷ್ಟಕ್ಕೆ ಅಷ್ಟು ದೂರ ಹೋಗಬೇಕೇ?" ಎಂದು ಒಬ್ಬ ಕುವೈತಿ ಹುಡುಗ ನಕ್ಕಿದ್ದ. ಹೋಗಿ ಬಂದು ಒಂದು ಡಬ್ಬಿ ಸಿಹಿ ತಂದುಕೊಟ್ಟ.

ನನ್ನ ಹೆಂಡತಿ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಇಪ್ಪತ್ತೆರಡು ವರ್ಷಗಳಲ್ಲಿ ಅವಳಿಗೆ ಸಿಕ್ಕ ರಜೆಯೆಲ್ಲ ಊರಿಗೇ ಹೋಗಿದೆ. ಊರು ಎಂದರೆ ಮಂಗಳೂರಿನ ಹತ್ತಿರ ನಾವು ಇಗರ್ಜಿ ಎನ್ನುವ ಒಂದು ಚರ್ಚಿನ ಸುತ್ತ ಹಬ್ಬಿರುವ ನಮ್ಮ ಎರಡೂ ಕಡೆಯ ಬಂಧುಬಳಗ. ಗಲ್ಫಿನವರ ರಜೆ ಹೇಗಿರುತ್ತದೆಂದು ಗಲ್ಫಿನವರಿಗೇ ಗೊತ್ತು. ಮೊದಲ ಮೂರು ದಿನ ಸೂಟ್‌ಕೇಸ್ ಬಿಚ್ಚಿ ಸೋಪು, ಖರ್ಜೂರ, ಹಾಲಿನ ಪುಡಿ, ನೋವಿನ ಮುಲಾಮು ಹಂಚುವುದು. ಆಮೇಲೆ ಆ ವರ್ಷ ಸತ್ತವರ ಮನೆಗಳಿಗೆ ಒಂದು ಸುತ್ತು, ಹುಟ್ಟಿದವರ ಮನೆಗಳಿಗೆ ಇನ್ನೊಂದು ಸುತ್ತು. ಒಂದು ಮನೆಗೆ ಹೋಗಿ ಪಕ್ಕದ ಮನೆ ಬಿಟ್ಟರೆ ಮುಂದಿನ ವರ್ಷದವರೆಗೂ ಮಾತು ಕೇಳಬೇಕು. ನಡುನಡುವೆ ಹಲ್ಲಿನ ಡಾಕ್ಟರು, ದರ್ಜಿ, ಬ್ಯಾಂಕು. ಕಡೆಯ ವಾರ ಉಪ್ಪಿನಕಾಯಿ, ಮಾಂಸದ ಸಾರಿಗೆ ಹಾಕುವ ಬಫಾತ್ ಪುಡಿ ಕಟ್ಟುವುದು. ಬೆಳಿಗ್ಗೆ ವಿಮಾನ ಇಳಿದು ಮಧ್ಯಾಹ್ನ ಡ್ಯೂಟಿಗೆ ಹೋದ ವರ್ಷಗಳೂ ಇವೆ. ಊರಿಗೆ ಹೋಗಿ ಬಂದ ಆಯಾಸ ಕಳೆಯಲು ಇನ್ನೊಂದು ರಜೆ ಬೇಕು ಎಂದು ಅವಳು ಪ್ರತಿ ಸಲ ಹೇಳುತ್ತಿದ್ದಳು, ನಾನು ಪ್ರತಿ ಸಲ ನಗುತ್ತಿದ್ದೆ. ಅದು ತಮಾಷೆಯೆಂದೇ ತಿಳಿದಿದ್ದೆ.

ನಮ್ಮ ಮದುವೆಗೆ ಇಪ್ಪತ್ತು ವರ್ಷ ತುಂಬುವಾಗ ನಾನೊಂದು ದೊಡ್ಡ ಮಾತಾಡಿದೆ. ಈ ಸಲ ಊರಿಗಲ್ಲ, ಅಮೆರಿಕಕ್ಕೆ. ಹೆಂಡತಿ ನಂಬಲಿಲ್ಲ. ಸಂದರ್ಶನ ಮುಗಿದು, ವೀಸಾ ಅಂಟಿಸಿದ ಮೂರು ಪಾಸ್‌ಪೋರ್ಟ್‌ಗಳು, ಅವಳದು, ನನ್ನದು, ನಮ್ಮ ಹದಿನಾರು ವರ್ಷದ ಮಗಳದು, ಮೇಜಿನ ಮೇಲೆ ಬಂದು ಕೂತ ದಿನ ನಂಬಿದಳು. ಕುವೈತಿನ ಖೈತಾನ್ ಬಡಾವಣೆಯ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಅವತ್ತು ಸಂಜೆ ಅವಳು ಏನೋ ಗುನುಗುತ್ತಾ ಮೀನು ಹುರಿದಳು. ಅವಳು ಗುನುಗುವುದನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ನನಗೆ ತುಂಬಾ ಖುಷಿಯಾಯಿತು.

ನಾಲ್ಕು ಸಂಜೆ ಕೂತು ಹದಿನೈದು ದಿನಗಳ ಯೋಜನೆ ತಯಾರಿಸಿದೆ. ನ್ಯೂಜೆರ್ಸಿಯಲ್ಲಿ ಹೆಂಡತಿಯ ಅಕ್ಕ ಇದ್ದಾರೆ, ಅಲ್ಲಿ ಐದು ದಿನ. ಶಿಕಾಗೋದಲ್ಲಿ ನನ್ನ ಚಿಕ್ಕಪ್ಪನ ಮಗ, ಮೂರು ದಿನ. ಹ್ಯೂಸ್ಟನ್ನಿನಲ್ಲಿ ಮೊದಲು ನಮ್ಮ ಇದೇ ಕಟ್ಟಡದಲ್ಲಿದ್ದ ಕುಟುಂಬ, ಮೂರು ದಿನ. ದಾರಿಯಲ್ಲಿ ಹೆಂಡತಿಯ ಜೊತೆ ನರ್ಸಿಂಗ್ ಓದಿದ ಇಬ್ಬರು, ತಲಾ ಒಂದು ದಿನ. ಉಳಿದದ್ದರಲ್ಲಿ ಒಂದೂವರೆ ದಿನ ವರ್ಮಾಂಟಿನ ಕೆಂಪು ಎಲೆ, ಅದೂ ಅಕ್ಕನ ಮನೆಯವರ ವ್ಯಾನಿನಲ್ಲಿ, ಒಂಬತ್ತು ಜನ. ಯಾರಿಗೆ ಕೇಸರಿ, ಯಾರಿಗೆ ಖರ್ಜೂರ, ಯಾರಿಗೆ ಅತ್ತರು ಎಂಬ ಪಟ್ಟಿಯೂ ಕೊನೆಯಲ್ಲಿತ್ತು. ಒಬ್ಬರನ್ನೂ ಬಿಟ್ಟಿರಲಿಲ್ಲ. ಅಷ್ಟು ಚೆನ್ನಾಗಿ ಹೊಂದಿಸಿದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಆ ಹಾಳೆಗಳನ್ನು ಅವಳ ಕೈಗೆ ಕೊಟ್ಟೆ. ಮನೆಯಲ್ಲಿ ನಾವು ಆಡುವುದು ಕೊಂಕಣಿ, ಇಲ್ಲಿ ಅದನ್ನು ನಮ್ಮ ಮಂಗಳೂರು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವಳು ಎರಡು ಸಲ ಓದಿದಳು. ಆಮೇಲೆ ಇಸ್ತ್ರಿ ಮಾಡುತ್ತಿದ್ದ ಯೂನಿಫಾರ್ಮನ್ನು ಪಕ್ಕಕ್ಕಿಟ್ಟು ಕೇಳಿದಳು: "ಇದ್ರಲ್ಲಿ ನನ್ನ ರಜೆ ಯಾವ ದಿನ?"

"ಹದಿನೈದು ದಿನವೂ ರಜೆಯೇ ಅಲ್ವಾ?"

"ಅಕ್ಕ ಈಗ್ಲೇ ಫೋನ್ ಮಾಡಿ ಆಯ್ತು. ಅವರ ಇಗರ್ಜಿಯ ಮೂವತ್ತು ಜನಕ್ಕೆ ನಾನು ಸನ್ನಾ ಮಾಡ್ಬೇಕಂತೆ. ಬಫಾತ್ ಪುಡಿ ಎರಡು ಕಿಲೋ ತರ್ಲಿಕ್ಕೆ ಹೇಳಿದ್ದಾಳೆ. ಹ್ಯೂಸ್ಟನ್ನಿನವರ ಅತ್ತೆಗೆ ಕಾಲು ನೋವು, ನಾನು ನೋಡ್ಬೇಕಂತೆ. ಇದು ಊರಿಗೆ ಹೋದ ಹಾಗೇ ಆಯ್ತಲ್ಲ ಮಾರಾಯ್ರೆ, ವಿಮಾನ ಮಾತ್ರ ದೊಡ್ಡದು."

ನಾನು ಏನೋ ಹೇಳಹೊರಟೆ. ಅಮೆರಿಕದವರೆಗೆ ಹೋಗಿ ಅಕ್ಕನ ಮನೆಗೆ ಹೋಗದಿದ್ದರೆ ಜನ ಏನೆನ್ನುತ್ತಾರೆ ಎಂದೆ.

"ಗಿರಾಕಿಗಳಿಗೆ ನೀವು ಮನೆ ಮನೆ ಸುತ್ತಿಸ್ತೀರಾ?" ಎಂದಳು. ಧ್ವನಿ ಏರಿಸಲಿಲ್ಲ. ಆದರೆ ಅವಳ ಕಣ್ಣು ತುಂಬಿತ್ತು. "ನನಗೆ ಆಗುದಿಲ್ಲ ಇನ್ನು. ಇಪ್ಪತ್ತೆರಡು ವರ್ಷ ಆಯ್ತು. ನಾನು ಒಂದೇ ಒಂದು ದಿನ ಯಾರಿಗೂ ತಂಗಿ, ನರ್ಸ್, ಎಂತದೂ ಆಗದೆ ಇರ್ಬೇಕು."

ನಾನು ಪೆಚ್ಚಾದೆ. ಕಂಡವರಿಗೆಲ್ಲ ಎರಡು ಕೋಣೆಯ ನಡುವಿನ ಬಾಗಿಲನ್ನೂ ಕೇಳಿ ತಿಳಿದು ರಜೆ ಕಟ್ಟಿಕೊಡುವವನು, ಹೆಂಡತಿಗೆ ಏನು ಬೇಕೆಂದು ಒಂದು ಮಾತು ಕೇಳಿರಲಿಲ್ಲ. ಮಾರನೆಯ ದಿನ ಆಫೀಸಿನಿಂದ ಬಂದವನೇ ಪೆನ್ನು ಹಾಳೆ ಹಿಡಿದು ಅವಳ ಎದುರು ಕೂತೆ. ಸರಿ ಹೇಳು, ಎಂಥ ಊರು ಬೇಕು, ಏನೇನು ನೋಡಬೇಕು ಎಂದೆ.

"ನೋಡ್ಲಿಕ್ಕೆ ಎಂತದೂ ಇಲ್ಲದ ಊರು ಉಂಟಾ?"

ಹತ್ತೊಂಬತ್ತು ವರ್ಷಗಳಲ್ಲಿ ಯಾರೂ ನನ್ನಲ್ಲಿ ಇದನ್ನು ಕೇಳಿರಲಿಲ್ಲ. ನಾನು ಯೋಚಿಸಿದೆ. ಮೇಯ್ನ್ ರಾಜ್ಯದ ಸಮುದ್ರದ ದಡದಲ್ಲಿ ಸಣ್ಣ ಸಣ್ಣ ಊರುಗಳಿವೆ. ಬೇಸಿಗೆಯಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಕ್ಟೋಬರ್ ಕೊನೆಯಲ್ಲಿ ಎಲೆಗಳೂ ಉದುರಿ, ಪ್ರವಾಸಿಗರೂ ಹೋಗಿ, ಅರ್ಧ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಸೀಸನ್ ಮುಗಿದ ಊರನ್ನು ಗಿರಾಕಿಗಳಿಗೆ ಹೇಳುವುದು ನಮ್ಮ ಕೆಲಸದಲ್ಲಿ ದೊಡ್ಡ ತಪ್ಪು. ಅಲ್ಲಿ ಚಳಿ ಕಾಯಿಸಲು ಬೆಂಕಿಗೂಡಿರುವ ಒಂದು ಹಳೆಯ ವಸತಿಗೃಹ, ಒಂದು ಲೈಬ್ರರಿ, ಒಂದು ಬೇಕರಿ, ಸಮುದ್ರದುದ್ದಕ್ಕೂ ನಡೆಯುವ ದಾರಿ, ಇಷ್ಟೇ ಇರುವುದು ಎಂದೆ.

"ಅದೇ ಮಾಡಿ. ಎಂಟು ದಿನ. ನಾನು ಒಬ್ಬಳೇ."

ಪೆನ್ನು ನಿಂತಿತು. ಅವಳು ನನ್ನ ಮುಖ ನೋಡಿ ಮೆತ್ತಗೆ ಹೇಳಿದಳು: "ನಿಮ್ಮನ್ನು ಕಂಡ್ರೆ ಆಗುದಿಲ್ಲ ಅಂತ ಅಲ್ಲ. ನೀವು ಬಂದ್ರೆ ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಲೈಟ್‌ಹೌಸ್ ತೋರಿಸ್ತೀರಿ. ನನಗೆ ಗೊತ್ತುಂಟು."

ಮಾತು ನಿಜವಾದ್ದರಿಂದಲೇ ಸಿಟ್ಟು ಬಂತು. ಅಮೆರಿಕವನ್ನು ಒಮ್ಮೆಯಾದರೂ ನನ್ನ ಕಣ್ಣಿನಿಂದ ನೋಡಬೇಕೆಂಬ ಆಸೆ ನನಗೆ ಎಷ್ಟು ಇತ್ತೆಂದು ಅವಳಿಗೆ ಗೊತ್ತಿರಲಿಲ್ಲವೇ? ಎರಡು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದೆ. ಬಡಿಸಿದ್ದನ್ನು ಮಾತಿಲ್ಲದೆ ತಿಂದೆ. ಮಗಳು ಇದನ್ನೆಲ್ಲ ನೋಡಿ, "ಡ್ಯಾಡಿ, ಶಿ ಈಸ್ ಟಯರ್ಡ್. ಲೆಟ್ ಹರ್ ಗೋ," ಎಂದಳು. ನಾವು ಕೊಂಕಣಿಯಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. ಮೂರನೆಯ ದಿನ ಆಫೀಸಿನಲ್ಲಿ ಕೂತು ಬಾಸ್ಟನ್ನಿಗೆ ಟಿಕೆಟ್, ಅಲ್ಲಿಂದ ಬಸ್ಸು, ಸಮುದ್ರದ ಕಡೆಯ ಕೋಣೆ, ತಡವಾಗಿ ಎದ್ದವರಿಗೂ ತಿಂಡಿ ಕೊಡುತ್ತಾರೆಯೇ ಎಂಬ ವಿಚಾರಣೆ, ಎಲ್ಲ ಮುಗಿಸಿದೆ. ಅಷ್ಟು ಶ್ರದ್ಧೆಯಿಂದ ನಾನು ಯಾರ ಪ್ರಯಾಣವನ್ನೂ ಸಿದ್ಧಪಡಿಸಿಲ್ಲ.

ಯಾರಿಗೂ ಹೇಳಬಾರದೆಂದು ತೀರ್ಮಾನವಾಯಿತು. ಅಕ್ಕನಿಗೆ, ನಮ್ಮ ಪ್ರಯಾಣ ಮುಂದಕ್ಕೆ ಹೋಗಿದೆ ಎಂದಷ್ಟೇ ಹೇಳಿದೆವು. ಹೆಂಡತಿ ಒಂದೇ ಒಂದು ಸಣ್ಣ ಸೂಟ್‌ಕೇಸ್ ಎಳೆದುಕೊಂಡು ಏರ್‌ಪೋರ್ಟಿನ ಒಳಗೆ ಹೋದಳು. ಅದರಲ್ಲಿ ಯಾರಿಗೂ ಕೊಡುವ ಸಾಮಾನು ಇರಲಿಲ್ಲ. ಮೂರನೆಯ ದಿನ ಫೋನಿನಲ್ಲಿ ಅವಳ ಸ್ವರ ನನಗೆ ಗುರುತು ಸಿಗಲಿಲ್ಲ, ನಿದ್ದೆ ತುಂಬಿ ದಪ್ಪವಾಗಿತ್ತು. ಹತ್ತು ಗಂಟೆಗೆ ಎದ್ದಳಂತೆ, ಬೇಕರಿಗೆ ಹೋದಳಂತೆ, ಮತ್ತೆ ಬಂದು ಮಲಗಿದಳಂತೆ. ಲೈಟ್‌ಹೌಸ್ ನೋಡಿದೆಯಾ ಎಂದು ಕೇಳಬೇಕೆನಿಸಿತು, ತಡೆದುಕೊಂಡೆ.

ಗುಟ್ಟು ರಟ್ಟಾದದ್ದು ಶುಕ್ರವಾರ. ಇಲ್ಲಿ ರಜೆಯ ದಿನ ಶುಕ್ರವಾರವಾದ್ದರಿಂದ ಊರಿನಲ್ಲಿ ಭಾನುವಾರ ಆಗುವ ಪೂಜೆಗೆ ನಾವು ಅವತ್ತೇ ಇಗರ್ಜಿಗೆ ಹೋಗುತ್ತೇವೆ. ಹೊರಗೆ ಬಂದಾಗ ಊರ ಕಡೆಯ ಹೆಂಗಸೊಬ್ಬರು ಮಗಳನ್ನು ಹಿಡಿದು ಮಮ್ಮಿ ಎಲ್ಲಿ ಎಂದು ಕೇಳಿದರು. "ಇನ್ ಅಮೆರಿಕ, ಆಂಟಿ. ಸ್ಲೀಪಿಂಗ್," ಎಂದಳು ನನ್ನ ಮಗಳು. ನಾವು ಬಿರಿಯಾನಿ ಕಟ್ಟಿಸಿಕೊಂಡು ಮನೆಗೆ ಬಂದು ಊಟಕ್ಕೆ ಕೂರುವಷ್ಟರಲ್ಲಿ ಸುದ್ದಿ ಮಂಗಳೂರು ಮುಟ್ಟಿ, ಅಲ್ಲಿಂದ ನ್ಯೂಜೆರ್ಸಿ ತಲುಪಿತ್ತು. ಅಕ್ಕನ ಫೋನು ಬಂತು.

"ಅವಳು ಇಲ್ಲಿ ಬಂದಿದ್ದಾಳಂತೆ. ಹೌದಾ?"

ಆಸ್ಪತ್ರೆಯಿಂದ ಟ್ರೈನಿಂಗಿಗೆ ಕಳಿಸಿದ್ದಾರೆ ಎಂಬ ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಜೀವಮಾನವಿಡೀ ಬಂಧುಗಳಿಗೆ ಹೂಂ ಹೂಂ, ಬರುತ್ತೇವೆ, ಖಂಡಿತ ಬರುತ್ತೇವೆ ಎಂದು ಹೇಳಿಕೊಂಡು ಬಂದವನು ನಾನು.

"ಹೌದು ಅಕ್ಕ," ಎಂದೆ. "ಮೇಯ್ನಲ್ಲಿ ಒಂದು ಸಣ್ಣ ಊರಲ್ಲಿದ್ದಾಳೆ. ನಿಮ್ಮ ಮನೆಗೆ ಬರುದಿಲ್ಲ. ಯಾರ ಮನೆಗೂ ಹೋಗುದಿಲ್ಲ. ಅವಳಿಗೆ ತುಂಬಾ ಸಾಕಾಗಿದೆ. ಬೇಜಾರಾದ್ರೆ ನನಗೆ ಬೈಯಿರಿ, ಅವಳಿಗೆ ಫೋನ್ ಮಾಡ್ಬೇಡಿ."

ಈಗ ಬೈಗುಳ ಬರುತ್ತದೆಂದು ಕಾದೆ. ಪಾತ್ರೆಗಳ ಶಬ್ದ, ನಲ್ಲಿ ನಿಲ್ಲಿಸಿದ ಶಬ್ದ ಕೇಳಿತು.

"ಅಲ್ಲಿ ಎಂತ ಮಾಡ್ತಾಳೆ ಒಬ್ಬಳೇ?"

"ಮಲಗ್ತಾಳೆ. ಎದ್ದು ಸಮುದ್ರದ ಬದಿಯಲ್ಲಿ ನಡೀತಾಳೆ. ಮತ್ತೆ ಮಲಗ್ತಾಳೆ."

ಅಕ್ಕ ಕುರ್ಚಿ ಎಳೆದು ಕೂತ ಶಬ್ದ ಕೇಳಿತು.

"ನಾನು ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ ಆಯ್ತು," ಎಂದರು. "ಬರುವವರು ಬರ್ತಾರೆ, ಎಲೆ ನೋಡ್ಬೇಕು ಅಂತಾರೆ, ನಯಾಗರ ನೋಡ್ಬೇಕು ಅಂತಾರೆ. ಅವರು ನೋಡಿ ಬರುದ್ರೊಳಗೆ ನಾನು ಅಡಿಗೆ ಮಾಡಿ ಇಡ್ತೇನೆ. ನನಗೆ ಗೊತ್ತಿರುದು ಹಿತ್ತಲಲ್ಲಿ ಬಿದ್ದ ಎಲೆ ಗುಡಿಸ್ಲಿಕ್ಕೆ ಮಾತ್ರ." ಸ್ವರ ಸಣ್ಣದಾಯಿತು. "ಆ ಊರಿಗೆ ಇಲ್ಲಿಂದ ಹೇಗೆ ಹೋಗುದು? ನಾನು ಅವಳ ಹತ್ರ ಹೋಗುದಿಲ್ಲ, ಹೆದರ್ಬೇಡಿ. ಅವಳು ಕುವೈತಿಗೆ ವಾಪಾಸು ಹೋದ ಮೇಲೆ. ನಾನು ಒಬ್ಬಳೇ."

ಎಷ್ಟು ದಿನಕ್ಕೆ ಕೋಣೆ ನೋಡಲಿ ಅಕ್ಕ ಎಂದು ಕೇಳಿದೆ.

"ಒಂದು ದಿನ ಸಾಕು," ಎಂದರು. ನಾನು ಬರೆದುಕೊಂಡೆ. ಆಗ ಅವರು ಅವಸರವಾಗಿ, ಯಾರೋ ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಾರೆಂಬಂತೆ ಹೇಳಿದರು: "ಅಲ್ಲ, ಮೂರು."